ಹೇಮಗುಡ್ಡದ ಉಳಿದ ಏರು

ನಿಂತಲ್ಲೇ ನಿಂತ ಸೈಕಲ್ಲನ್ನು ಮೈಯೆಲ್ಲ ಬೆವರಾಗುವ ಹಾಗೆ ತುಳಿಯುವವರನ್ನು ಕುಷ್ಟಗಿಯ ಆ ಓಣಿ ಒಂದೇ ಮನೆಯಲ್ಲಿ ಕಂಡಿತ್ತು. ಮೊದಲು ದುರಗೇಶ ತುಳಿಯುತ್ತಿದ್ದ. ಅವನು ತೀರಿಕೊಂಡ ಮೇಲೆ ಈಗ ತಂಗಿ ಶ್ವೇತಾ. ಪಕ್ಕದ ಮನೆಯ ಕರಿಯವ್ವ ಬಾಗಿಲಲ್ಲಿ ನಿಂತು, ಗಲ್ಲಕ್ಕೆ ಕೈ ಹಚ್ಚಿ ನೋಡಿ, "ಇಷ್ಟು ತುಳದಿದ್ರ ಇಷ್ಟೊತ್ತಿಗೆ ಯಲಬುರ್ಗಾ ಮುಟ್ಟತಿದ್ದೆಲ್ಲ ಯವ್ವಾ, ನೀ ನೋಡಿದ್ರ ಇಲ್ಲೇ ಅದೀ" ಎಂದು ನಕ್ಕು ಹೋಗುತ್ತಿದ್ದಳು. ಶ್ವೇತಾಳೂ ನಗುತ್ತಿದ್ದಳು. ಆದರೆ ಆ ವಾರ ಅವಳಿಗೆ ನಗು ಬರುತ್ತಿರಲಿಲ್ಲ.

ಹಿಂದಿನ ಗಾಲಿ ಬಿಚ್ಚಿ ಸೈಕಲ್ಲನ್ನು ಸಿಕ್ಕಿಸುವ ಆ ಕರಿ ಯಂತ್ರಕ್ಕೆ ಟ್ರೇನರ್ ಎನ್ನುತ್ತಾರೆ. ಹೊಸಪೇಟೆಯ ಸೈಕಲ್ ಕ್ಲಬ್ಬಿನವರು ತಾವು ಬಳಸಿ ಬಿಟ್ಟದ್ದನ್ನು ದುರಗೇಶನಿಗೆ ಕೊಟ್ಟಿದ್ದರು. ಫೋನಿನ ಬ್ಲೂಟೂತಿಗೆ ಜೋಡಿಸಿದರೆ ಫೋನು ಹೇಳಿದ ಹಾಗೆ ಕೇಳುತ್ತದೆ. ಏರು ಅಂದರೆ ಪೆಡಲ್ ಭಾರವಾಗುತ್ತದೆ, ಬಯಲು ಅಂದರೆ ಹಗುರ. ಕಾಲಿನ ಬಲ ಎಷ್ಟೆಂದು ಅಂಕಿಯಲ್ಲಿ ತೋರಿಸುತ್ತದೆ. ಕರೆಂಟು ಹೋದರೆ ಮಾತ್ರ ಅದರ ಜಂಬವೆಲ್ಲ ಇಳಿದು, ಚೈನು ಕಳಚಿದ ಸೈಕಲ್ಲಿನಂತೆ ಕಾಲು ಬರಿದೇ ತಿರುಗುತ್ತದೆ.

ಈ ಯಂತ್ರದ ಮೇಲೆಯೇ ಶ್ವೇತಾಳ ಆಯ್ಕೆ ನಿಂತಿತ್ತು. ರಾಜ್ಯ ತಂಡಕ್ಕೆ ಆರಿಸುವವರು ಈ ಸಲ ದೂರದ ಹುಡುಗಿಯರನ್ನು ಅವರವರ ಮನೆಯಿಂದಲೇ ಪರೀಕ್ಷಿಸುತ್ತಿದ್ದರು. ವಿಡಿಯೋ ಕಾಲಿನಲ್ಲಿ ಕೋಚ್ ಅಮೃತಾ ಮೇಡಮ್ ನೋಡುತ್ತಿರಬೇಕು, ಟ್ರೇನರಿನ ಅಂಕಿ ನೇರವಾಗಿ ಅವರಿಗೆ ಹೋಗುತ್ತಿರಬೇಕು, ನಡುವೆ ಒಮ್ಮೆ ಸಂಪರ್ಕ ಕಡಿದರೂ ಆ ಓಟ ಲೆಕ್ಕಕ್ಕಿಲ್ಲ. ಮೊದಲ ಸಲ ಅವಳದು ಕಡಿದೇ ಹೋಗಿತ್ತು.

"ಇನ್ನೊಂದು ಸಲ ಕೊಡಿಸೀನಿ, ಶ್ವೇತಾ. ಬರೂ ರವಿವಾರ ಮುಂಜಾನಿ. ಅವತ್ತೂ ಕಡೀತಂದ್ರ ನನ್ನ ಕೈಯಾಗ ಏನೂ ಇಲ್ಲ ನೋಡು" ಎಂದಿದ್ದರು ಅಮೃತಾ ಮೇಡಮ್.

"ಕಡಿಯಂಗಿಲ್ಲರಿ ಮೇಡಮ್" ಎಂದು ಶ್ವೇತಾ ಮಾತು ಕೊಟ್ಟಿದ್ದಳು. ಕೊಟ್ಟದ್ದೇನೋ ಸಲೀಸು. ಯಂತ್ರಕ್ಕೆ ಆ ಮಾತು ತಿಳಿಯಬೇಕಲ್ಲ.

ಅದು ಕಡಿಯುತ್ತಲೇ ಇತ್ತು. ಕಾಲು ಲಯ ಹಿಡಿದು, ಉಸಿರು ಹದಕ್ಕೆ ಬಂದು, ಇನ್ನೇನು ಛಲೋ ನಡೆಯಿತು ಎನ್ನುವಾಗ ಫೋನಿನ ಅಂಕಿ ಸೊನ್ನೆಗೆ ಬೀಳುತ್ತಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಬರುತ್ತಿತ್ತು: ಟ್ರೇನರ್ ಬೇರೆ ಸಾಧನಕ್ಕೆ ಜೋಡಣೆಯಾಗಿದೆ. ತುಸು ಹೊತ್ತಿಗೆ ತಾನಾಗಿ ಮರಳಿ ಬರುತ್ತಿತ್ತು. ಒಮ್ಮೊಮ್ಮೆ ಮುಂಜಾನೆಯೆಲ್ಲ ತೊಂದರೆ ಇಲ್ಲ, ಒಮ್ಮೊಮ್ಮೆ ಮೇಲಿಂದ ಮೇಲೆ. ಸಂಜೆ ದೀಪ ಹಚ್ಚುವ ಹೊತ್ತಿಗಂತೂ ತಪ್ಪುತ್ತಲೇ ಇರಲಿಲ್ಲ.

ಮಾಡದ ಉಪಾಯವಿಲ್ಲ. ಆ್ಯಪ್ ತೆಗೆದು ಮತ್ತೆ ಹಾಕಿದಳು. ಟ್ರೇನರಿನ ತಂತ್ರಾಂಶ ಹೊಸದು ಮಾಡಿದಳು. ಪ್ಲಗ್ ಬದಲಿಸಿದಳು. ವೈಫೈ ಡಬ್ಬಿಯನ್ನು ಅಡುಗೆಮನೆಯ ಗೂಡಿಗೆ ಸಾಗಿಸಿದಳು. ಅಪ್ಪ ಗ್ಯಾನಪ್ಪ ಕರೆಂಟಿನ ಲೈನ್‌ಮನ್. ಮನೆಯ ಟ್ಯೂಬ್‌ಲೈಟಿನ ಚೋಕಿನಿಂದ ಏನಾದರೂ ಅಡ್ಡಿ ಇದ್ದೀತೆಂದು ಅದನ್ನೂ ಬಿಚ್ಚಿಟ್ಟ. ಒಂದು ವಾರ ಮನೆಯವರೆಲ್ಲ ಸಣ್ಣ ಬಲ್ಬಿನ ಬೆಳಕಿನಲ್ಲಿ ಉಂಡರು. ಅಪ್ಪನ ಫೋನು ಗುಂಡಿಯದು, ಅದಕ್ಕೆ ಈ ವಿದ್ಯೆಯೇ ಗೊತ್ತಿಲ್ಲ. ಅವ್ವ ಹೊಳಿಯಮ್ಮನ ಹತ್ತಿರ ಫೋನೇ ಇರಲಿಲ್ಲ.

ಕಡೆಗೆ ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಮೆಹಬೂಬಸಾಬನನ್ನು ಕರೆತಂದಳು. ಅವನು ಟ್ರೇನರನ್ನು ಆ ಕಡೆ ಈ ಕಡೆ ಹೊರಳಿಸಿ, ತನ್ನ ಫೋನಿನಲ್ಲಿ ಏನೇನೋ ಒತ್ತಿ ನೋಡಿ, ಚಹಾ ಕುಡಿದ.

"ತಂಗಿ, ಇದಕ್ಕ ಒಬ್ಬರ ಕೈ ಹಿಡಿಯೂದಷ್ಟ ಗೊತ್ತು. ಇಬ್ಬರದು ಹಿಡಿಯಂಗಿಲ್ಲ. ಮೊದಲ ಗುರ್ತಾದವರು ಬಂದು ಕರದ್ರ, ನಿನ್ನ ಕೈ ಬಿಟ್ಟು ಅವರ ಕಡಿ ಹೊಂಟೈತಿ."

"ಯಾರ್ರಿ ಕಾಕಾ ಕರಿಯೋರು? ಮನ್ಯಾಗ ಇನ್ನೊಂದು ಫೋನ್ ಇಲ್ಲಲ್ರಿ."

"ಐತಿ" ಎಂದ ಮೆಹಬೂಬಸಾಬ, ಬಟ್ಟಲು ಕೆಳಗಿಟ್ಟು. "ಇಲ್ಲಂದ್ರ ಇದು ಹಂಗ ಬರಿಯಂಗಿಲ್ಲ. ಯಾರೋ ಅದಾರ. ದೂರ ಇಲ್ಲ, ಈ ಮನಿಯೊಳಗ ಅದಾರ."

ಅವನು ಹೇಳಿದ್ದು ಫೋನಿನ ಮಾತು. ಹಾಗೆಂದು ಶ್ವೇತಾಳಿಗೂ ಗೊತ್ತಿತ್ತು. ಆದರೂ ಅವನು ಹೋದ ಮೇಲೆ ಅವಳು ಪಡಸಾಲೆಯಲ್ಲಿ ಒಬ್ಬಳೇ ನಿಲ್ಲಲಾರದೆ ಅವ್ವನ ಹತ್ತಿರ ಅಡುಗೆಮನೆಯಲ್ಲಿ ಹೋಗಿ ಕುಳಿತಳು. ಯಾಕೆಂದರೆ ಅವಳು ಮೆಹಬೂಬಸಾಬನಿಗೆ ಒಂದು ವಿಷಯ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ.

ಸಂಪರ್ಕ ಕಡಿದಾಗ ಟ್ರೇನರ್ ಸಡಿಲಾಗಬೇಕು. ಇದು ಭಾರವಾಗುತ್ತಿತ್ತು. ಮೊದಮೊದಲು ಯಂತ್ರದ ದೋಷ ಎಂದುಕೊಂಡಳು. ಒಂದು ದಿನ ಹಟಕ್ಕೆ ಬಿದ್ದು, ಕಡಿದರೂ ಇಳಿಯದೆ ತುಳಿಯುತ್ತಲೇ ಹೋದಳು. ಭಾರ ಒಂದೇ ಸಮನೆ ಇರಲಿಲ್ಲ. ಉದ್ದಕ್ಕೆ ಎಳೆದು, ಆಮೇಲೆ ಒಂದು ಉಸಿರಿನಷ್ಟು ಸಡಿಲ ಬಿಟ್ಟು, ಮತ್ತೆ ಗಕ್ಕನೆ ಬಿಗಿಯಿತು. ಕಾಲಿಗೆ ಗುರುತು ಹತ್ತಿದ್ದು ಆಗ. ಆ ಸಡಿಲ ಮೋರಿಯ ಹತ್ತಿರದ ಸಪಾಟು. ಅದಾದ ಮೇಲಿನ ಬಿಗಿ ಎಡಕ್ಕೆ ಹೊರಳುವ ಮೊದಲ ತಿರುವು. ಅವಳ ತಲೆ ತಿಳಿಯುವ ಮೊದಲೇ ಕಾಲುಗಳಿಗೆ ತಿಳಿದಿತ್ತು. ಇದು ಹೇಮಗುಡ್ಡದ ಏರು.

ಗಂಗಾವತಿಯ ಆಚೆ, ದುರ್ಗಮ್ಮನ ಗುಡಿಗೆ ಹೋಗುವ ಆ ಏರನ್ನು ಅವಳು ಅಣ್ಣನ ಹಿಂದೆ ಎಷ್ಟು ಸಲ ಹತ್ತಿದ್ದಳೋ. ದುರಗೇಶ ಮುಂದೆ, ಇವಳು ಹಿಂದೆ. "ಗಾಲಿ ನೋಡಬ್ಯಾಡ, ನನ್ನ ಬೆನ್ನು ನೋಡು" ಎನ್ನುತ್ತಿದ್ದ. ಆ ದಾರಿಯನ್ನು ಅವನು ತನ್ನ ಫೋನಿನ ಆ್ಯಪಿಗೂ ತುಂಬಿಕೊಂಡಿದ್ದ, ಮನೆಯಲ್ಲಿ ಟ್ರೇನರಿನ ಮೇಲೆ ಹತ್ತಲಿಕ್ಕೆ. ಕೆಳಗಿನಿಂದ ಗುಡಿಯವರೆಗೆ ಮಾತ್ರ. ಇಳಿಜಾರನ್ನು ಹಾಕಿಕೊಂಡಿರಲಿಲ್ಲ. ಯಾಕೆಂದು ಇವಳು ಕೇಳಿದರೆ, "ಇಳಿಯಾಕ ಏನ್ ಪ್ರಾಕ್ಟೀಸ್ ಬೇಕಲೇ, ಅದು ತಾನ ಇಳಸತೈತಿ" ಎಂದು ನಕ್ಕಿದ್ದ.

ಅವನ ಕಡೆಯ ಶನಿವಾರ ಸಂಜೆ ಶ್ವೇತಾ ಹಾಸ್ಟೆಲಿನಿಂದ ರಜೆಗೆ ಬಂದಿದ್ದಳು. ಅವಳಿಗೆ ಕ್ರೀಡಾ ಹಾಸ್ಟೆಲಿನಲ್ಲಿ ಜಾಗ ಸಿಕ್ಕರೆ ಹೇಮಗುಡ್ಡದ ಅಮ್ಮನಿಗೆ ಕಾಯಿ ಒಡೆಸುತ್ತೇನೆಂದು ಅವ್ವ ಹರಕೆ ಹೊತ್ತಿದ್ದಳು. ಆ ಕಾಯಿಯನ್ನು ಮರುದಿನ ಸೈಕಲ್ ಮೇಲೆ ಒಯ್ಯುವವನು ದುರಗೇಶ. ಅಂದು ಟ್ರೇನರಿನ ಮೇಲೆ ಅದೇ ಏರನ್ನು ಅರ್ಧ, ಮೋರಿಯ ಕೆಳಗಿನವರೆಗೆ, ತುಳಿದು ನಿಲ್ಲಿಸಿ, "ಉಳಿದದ್ದು ನಾಳಿ ಖರೇ ಗುಡ್ಡದ ಮ್ಯಾಲ" ಎಂದು ಇಳಿದು ಉಣ್ಣಲು ಹೋದ.

ಮರುದಿನ ಅವನು ಗುಡಿ ಮುಟ್ಟಲಿಲ್ಲ. ಕಡೆಯ ತಿರುವಿನ ಕೆಳಗೆ, ರಸ್ತೆಯ ಬದಿಯ ಒಂದು ಕಲ್ಲಿನ ಮೇಲೆ ಕುಳಿತಿದ್ದನಂತೆ. ಸೈಕಲ್ಲನ್ನು ಹುಣಸೆಮರಕ್ಕೆ ನೀಟಾಗಿ ಒರಗಿಸಿದ್ದ. ದಣಿವಾರಿಸಿಕೊಳ್ಳುತ್ತಿದ್ದಾನೆ ಎಂದುಕೊಂಡು ಕುರಿಯವರು ಮಾತಾಡಿಸದೆ ಮುಂದೆ ಹೋಗಿದ್ದರು. ಎದೆ ನಿಂತಿದೆ ಎಂದು ಆಮೇಲೆ ಡಾಕ್ಟರು ಹೇಳಿದರು. ಬೆನ್ನಿನ ಚೀಲದಲ್ಲಿ ಕಾಯಿ ಹಾಗೆಯೇ ಇತ್ತು.

ಈಗ ಆ ಏರು ಅವಳ ಕಾಲ ಕೆಳಗೆ ಬಂದಿತ್ತು. ಅದೂ ಪ್ರತಿ ಸಲ ಮೊದಲಿನಿಂದ ಶುರುವಾಗುತ್ತಿರಲಿಲ್ಲ. ಹಿಂದಿನ ಸಲ ಎಲ್ಲಿ ಬಿಟ್ಟಿತ್ತೋ ಅಲ್ಲಿಂದ ಮುಂದುವರಿಯುತ್ತಿತ್ತು. ಮೊದಲ ತಿರುವು ದಾಟಿತು, ಎರಡನೆಯದು ದಾಟಿತು. ಇನ್ನು ಮೇಲೆ ಬರುವುದು ಹುಣಸೆಮರ ಮತ್ತು ಆ ಕಲ್ಲು. ಕಲ್ಲು ಬಂದಾಗ ಏನಾಗುತ್ತದೆ ಎಂಬ ಯೋಚನೆ ಬಂದರೆ ಅವಳ ಕೈಯ ಬೆವರು ಹಿಡಿಕೆಯ ಮೇಲೆ ತಣ್ಣಗಾಗುತ್ತಿತ್ತು. ಆದರೂ ಕಾಲು ನಿಲ್ಲುತ್ತಿರಲಿಲ್ಲ. ಭಯವಿತ್ತು, ಅದರ ಜೊತೆಗೆ ಅಣ್ಣನ ಬೆನ್ನು ಮುಂದಿದೆ ಎನ್ನುವ ಆಸೆಯೂ ಇತ್ತು.

ಶುಕ್ರವಾರ ಸಂಜೆ ಅಂಕಿ ಸೊನ್ನೆಗೆ ಬಿದ್ದು ಪೆಡಲ್ ಬಿಗಿದಾಗ ಅವಳು ಮೊದಲ ಬಾರಿಗೆ ಫೋನಿನಿಂದ ಕಣ್ಣೆತ್ತಿ ನೋಡಿದಳು. ನಡುಮನೆಯ ದೇವರ ಜಗುಲಿಯ ಮುಂದೆ ಅವ್ವ ಬೆನ್ನು ಮಾಡಿ ನಿಂತಿದ್ದಳು. ದೀಪ ಆಗಲೇ ಹಚ್ಚಿಯಾಗಿತ್ತು. ಆದರೆ ಅವ್ವನ ಮುಖದ ಮೇಲೆ ಬಿದ್ದ ಬೆಳಕು ದೀಪದ್ದಲ್ಲ. ಅದು ನೀಲಿಯಾಗಿತ್ತು.

ಶ್ವೇತಾ ಇಳಿದು ಹೋಗಿ ನೋಡಿದಳು. ದೇವರ ಪಕ್ಕದಲ್ಲಿ ದುರಗೇಶನ ಹಳದಿ ಜೆರ್ಸಿ, ಅವನ ಹೆಲ್ಮೆಟ್, ಜೆರ್ಸಿಯ ಮಡಿಕೆಯೊಳಗೆ ಅವನ ಫೋನು. ಹಿಂದಿನ ಗೋಡೆಯ ಪ್ಲಗ್ಗಿನಿಂದ ಒಂದು ವಾಯರು ಅದಕ್ಕೆ ಹೋಗಿತ್ತು. ಗಾಜಿನ ಮೇಲೆ ವಿಭೂತಿ ಹಚ್ಚಿತ್ತು, ಅದರ ಕೆಳಗೆ ಅಣ್ಣ ಹಲ್ಲು ಬಿಟ್ಟು ನಗುತ್ತಿದ್ದ. ಅವ್ವ ಬೆರಳು ತೆಗೆದಳು. ತುಸು ಹೊತ್ತಿಗೆ ಬೆಳಕು ಆರಿತು. ಪಡಸಾಲೆಯಲ್ಲಿ ಶ್ವೇತಾಳ ಫೋನು ಟಿಣ್ಣೆಂದು ಮರಳಿ ಜೋಡಣೆಯಾಯಿತು.

"ಇದು ಚಾಲೂ ಐತೇನ ಅವ್ವ?"

"ಎಂದೂ ಬಂದ್ ಮಾಡಿಲ್ಲ" ಎಂದಳು ಹೊಳಿಯಮ್ಮ. "ಹಿರೇರ ಹಬ್ಬಕ್ಕ ಎಡಿ ಮುಂದ ಇಟ್ಟಿದ್ದೆ."

ಹಿರಿಯರ ಹಬ್ಬದಲ್ಲಿ ತೀರಿಕೊಂಡವರ ಬಟ್ಟೆಬರೆ, ಅವರು ಇಷ್ಟಪಟ್ಟ ವಸ್ತು ಎಲ್ಲವನ್ನೂ ಜಗುಲಿಯ ಮೇಲಿಟ್ಟು ಎಡೆ ಹಿಡಿಯುತ್ತಾರೆ. ಉಂಡಾದ ಮೇಲೆ ಅದೇ ದಿನ ಎಲ್ಲ ಇಳಿಸಿಬಿಡಬೇಕು. ಹೊಳಿಯಮ್ಮ ಅನ್ನದ ಎಲೆ ಎತ್ತಿದ್ದಳು, ಮಗನ ವಸ್ತುಗಳಿಗೆ ಕೈ ಹಚ್ಚಿರಲಿಲ್ಲ. ಶ್ವೇತಾ ಆಗ ಹಾಸ್ಟೆಲಿನಲ್ಲಿದ್ದಳು. ಈ ರಜೆಗೆ ಮರಳಿ ಬಂದ ಮೇಲೆ ಜೆರ್ಸಿ, ಹೆಲ್ಮೆಟ್ಟು ಕಂಡಿದ್ದವು, ಒಳಗಿನ ಫೋನು ಕಂಡಿರಲಿಲ್ಲ. ಎಡೆ ಇಳಿಸದೆ ಬಿಟ್ಟರೆ ಹೋದವರು ಅದರ ಮುಂದೆ ಕುಳಿತೇ ಇರುತ್ತಾರೆ, ಏಳಲಿಕ್ಕೆ ಆಗುವುದಿಲ್ಲ ಎಂದು ಕರಿಯವ್ವ ಆಗಲೇ ಗದರಿದ್ದಳಂತೆ. "ಕುಂತಿರಲಿ ಬಿಡು" ಎಂದು ಅವ್ವ ಉತ್ತರ ಕೊಟ್ಟಿದ್ದಳಂತೆ.

ಶ್ವೇತಾಳಿಗೆ ಎಲ್ಲ ಸ್ಪಷ್ಟವಾಯಿತು. ಅವ್ವ ಆ ಗಾಜನ್ನು ಮುಟ್ಟುತ್ತಾಳೆ. ಫೋನು ಎಚ್ಚರಾಗುತ್ತದೆ. ಅದರೊಳಗೆ ಅರ್ಧಕ್ಕೆ ನಿಂತ ಏರು ಎಚ್ಚರಾಗಿ, ತನ್ನ ಹಳೆಯ ಟ್ರೇನರನ್ನು ಕರೆಯುತ್ತದೆ. ಟ್ರೇನರ್ ಇವಳ ಕೈ ಬಿಟ್ಟು ಹೋಗುತ್ತದೆ. ಭೂತವೂ ಇಲ್ಲ, ದೋಷವೂ ಇಲ್ಲ. ಹಗುರಾಗಬೇಕಿತ್ತು. ಆದರೆ ಆಮೇಲೆ ಇನ್ನೊಂದು ಮಾತು ಹೊಳೆಯಿತು. ಸಂಪರ್ಕ ಕಡಿದದ್ದು ಎಷ್ಟು ಸಲವೋ ಅಷ್ಟು ಸಲ ಅವ್ವ ಅವನನ್ನು ನೆನೆದಿದ್ದಳು. ರೊಟ್ಟಿ ಬಡಿಯುವ ನಡುವೆ ಎದ್ದು ಬಂದು, ನೀರು ತುಂಬುವ ನಡುವೆ ಬಂದು, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು. ಒಂದೇ ಮನೆಯಲ್ಲಿದ್ದೂ ಮಗಳಿಗೆ ಅದು ಕಂಡಿರಲಿಲ್ಲ. ಯಂತ್ರಕ್ಕೆ ಕಂಡಿತ್ತು.

ಅಂದು ಅವಳು ಅವ್ವನಿಗೆ ಎಲ್ಲ ಹೇಳಿದಳು. ಅರ್ಧಕ್ಕೆ ನಿಂತ ಏರು, ದಾಟಿದ ತಿರುವುಗಳು, ಮುಂದೆ ಬರುವ ಹುಣಸೆಮರ. ಹೊಳಿಯಮ್ಮ ಅಳಲಿಲ್ಲ. ಜೆರ್ಸಿಯ ಮಡಿಕೆ ಸರಿಪಡಿಸಿ ಕೇಳಿದಳು.

"ಅಂವ ಈಗ ಎಲ್ಲಿತನಕ ಬಂದಾನ?"

"ಕಲ್ಲಿನ ಸ್ವಲ್ಪ ಕೆಳಗ ಅವ್ವ."

ಮರುದಿನ ಮೆಹಬೂಬಸಾಬ ಬಂದು ಫೋನು ನೋಡಿ ತಲೆ ಅಲ್ಲಾಡಿಸಿದ. ಬೀಗದ ಅಂಕಿ ದುರಗೇಶನ ಜೊತೆಗೇ ಹೋಗಿತ್ತು, ತೆರೆಯುವ ಹಾಗಿಲ್ಲ. ಬ್ಯಾಟರಿ ಊದಿ ಹಿಂದಿನ ಮುಚ್ಚಳ ಬಾಯಿ ಬಿಟ್ಟಿತ್ತು. "ಚಾರ್ಜಿನ ಮ್ಯಾಲ ಉಸಿರು ಹಿಡ್ದೈತಿ ನೋಡ್ರಿ. ಒಮ್ಮೆ ಆರಿತಂದ್ರ ಮತ್ತ ಏಳಂಗಿಲ್ಲ. ಎದ್ರೂ ಬೀಗ ಕೇಳತೈತಿ, ಒಳಗಿಂದು ಏನೂ ಚಾಲೂ ಆಗಂಗಿಲ್ಲ" ಎಂದ. ಆಮೇಲೆ ತನ್ನ ಅಂಗಡಿಯಿಂದ ಒಂದು ಪವರ್ ಬ್ಯಾಂಕ್ ತಂದುಕೊಟ್ಟು, "ಮನ್ಯಾಗಿದ್ರ ರೂಢಿ ಕೈ ತಾಗೇ ತಾಗತೈತಿ. ಇದಕ್ಕ ಹಚ್ಚಿ ಮುಂಜಾನಿ ಹೊತ್ತು ಕರಿಯವ್ವನ ಮನ್ಯಾಗ ಇಟ್ಟುಬಿಡ್ರಿ, ಅಷ್ಟು ದೂರ ಆದ್ರ ಸಾಕು" ಎಂದ.

ಅಷ್ಟೇ ಸಾಕಾಗಿತ್ತು. ಹೊಳಿಯಮ್ಮ ಒಪ್ಪಲಿಲ್ಲ.

"ಒಬ್ಬರ ಮನ್ಯಾಗ ಯಾಕ ಇಡೂದು? ಮನಿಯಿಂದ ಕಳಸೂದಾದ್ರ ಅಂವ ಹೊಂಟಿದ್ದ ಜಾಗಕ್ಕ ಕಳಸೂಣು. ನಾನ ಒಯ್ತೀನಿ. ಕಾಯಿ ಉಳಿದೈತಿ."

"ಅವ್ವ, ದಾರ್‍ಯಾಗ ಆರಿದ್ರ?"

"ನೀ ತುಳಿ. ನಿನ್ನ ಸಲುವಾಗಿ ಹೊತ್ತ ಹರಕಿ ಅದು."

ಶ್ವೇತಾ ಬೇಡವೆನ್ನಬೇಕಿತ್ತು. ಬಾಯಿ ತೆರೆದಳು ಕೂಡ. ಆದರೆ ಒಳಗೆಲ್ಲೋ, ಫೋನು ಎಷ್ಟು ದೂರ ಹೋದರೆ ಅಷ್ಟು ಒಳ್ಳೆಯದು ಎಂದಿತು ಮನಸ್ಸು. ಆ ಮನಸ್ಸಿನ ಮೇಲೆ ಅವಳಿಗೆ ಅಸಹ್ಯವಾಯಿತು. ಆದರೂ ಸುಮ್ಮನಿದ್ದಳು.

ರವಿವಾರ ಬೆಳಗಿನ ಬಸ್ಸಿಗೆ ಹೊಳಿಯಮ್ಮ ಹೊರಟಳು. ಎದೆಗೆ ಅವುಚಿದ ಚೀಲದಲ್ಲಿ ಫೋನು, ಪವರ್ ಬ್ಯಾಂಕು, ಒಂದು ಹೊಸ ತೆಂಗಿನಕಾಯಿ. ತಾವರಗೇರಾ, ಕನಕಗಿರಿ ದಾಟಿ ಗಂಗಾವತಿ, ಅಲ್ಲಿಂದ ಮತ್ತೊಂದು ಗಾಡಿ. ಗ್ಯಾನಪ್ಪನೂ ತನ್ನ ಕೈಲಾದದ್ದು ಮಾಡಿದ್ದ. ಅಂದು ಮುಂಜಾನೆ ತಮ್ಮ ಓಣಿಯ ಲೈನಿನ ಕರೆಂಟು ತೆಗೆದು ಕೆಲಸ ಮಾಡುವುದಿತ್ತು, ಅದನ್ನು ಸಂಜೆಗೆ ಹಾಕಿಸಿದ್ದ.

ಪರೀಕ್ಷೆ ಶುರುವಾಯಿತು. ವಿಡಿಯೋದಲ್ಲಿ ಅಮೃತಾ ಮೇಡಮ್ ಮುಖದ ಮೇಲೆ ಯಾವ ಭಾವವೂ ಇರಲಿಲ್ಲ. ಶ್ವೇತಾ ತುಳಿದಳು. ಎಲ್ಲಿ ಕಡಿಯುತ್ತದೋ ಎಂದು ಮೊದಲ ಹೊತ್ತೆಲ್ಲ ಮೈಯೆಲ್ಲ ಕಿವಿಯಾಗಿತ್ತು. ಕಡಿಯಲಿಲ್ಲ. ಅಂಕಿಗಳು ಒಂದರ ಹಿಂದೊಂದು ಸುಮ್ಮನೆ ಬಂದವು. ಪೆಡಲ್ ಹೇಳಿದಷ್ಟೇ ಭಾರ, ಹೇಳಿದಷ್ಟೇ ಹಗುರ. ಅಣ್ಣನ ಬೆನ್ನು ಮುಂದಿರಲಿಲ್ಲ. ಎದುರಿಗೆ ಬರೀ ಗೋಡೆ ಇತ್ತು. ಆ ಗೋಡೆಯನ್ನೇ ನೋಡಿ ಅವಳು ಕಡೆಯ ಹೊತ್ತು ಉಸಿರು ಹರಿಯುವ ಹಾಗೆ ತುಳಿದು ಮುಗಿಸಿ, ಹಿಡಿಕೆಯ ಮೇಲೆ ತಲೆಯಿಟ್ಟಳು.

"ಒಂದ್ ಸಲನೂ ಕಡೀಲಿಲ್ಲ" ಎಂದರು ಅಮೃತಾ ಮೇಡಮ್. ಆಗ ಅವರ ಮುಖದಲ್ಲಿ ನಗು ಬಂತು. "ಬಟ್ಟಿ ಕಟ್ಟಿಕೋ ಶ್ವೇತಾ. ನೀ ಬರಾಕ ಹತ್ತೀದಿ."

ಗ್ಯಾನಪ್ಪ ಓಣಿಗೆಲ್ಲ ಸಕ್ಕರೆ ಹಂಚಿ ಬಂದ. ಶ್ವೇತಾ ಬಾಗಿಲಲ್ಲೇ ಕುಳಿತು ಬಸ್ಸಿನ ದಾರಿ ಕಾಯುತ್ತಿದ್ದಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಹೊಳಿಯಮ್ಮ ಬಂದಳು. ನಡಿಗೆ ನೋಡಿಯೇ ಮಗಳಿಗೆ ಗೊತ್ತಾಯಿತು. ಚೀಲದೊಳಗೆ ಕಾಯಿ ಒಡೆಯದೆ ಇತ್ತು.

"ಕಲ್ಲಿನ ತನಕ ಹೋದೆ" ಎಂದಳು, ಕಂಬಕ್ಕೆ ಒರಗಿ. "ದಣಿವಾತು, ಅದರ ಮ್ಯಾಲ ಕುಂತೆ. ಇವನ ಮುಖ ನೋಡೂಣಂತ ಒತ್ತಿದೆ. ಒಂದು ಗಳಿಗಿ ಬೆಳಕು ಬಂತು, ಆರಿತು. ಆಮ್ಯಾಲ ಮ್ಯಾಲೆ ಹತ್ತಾಕ ಕಾಲು ಏಳಲಿಲ್ಲ ನೋಡು. ಅವನ್ನ ಅಲ್ಲೇ ಬಿಟ್ಟು ನಾ ಒಬ್ಬಾಕಿ ಹೆಂಗ ಹತ್ತಲಿ?"

ಮೆಹಬೂಬಸಾಬ ತನಗೆ ಬಂದ ವಿದ್ಯೆಯನ್ನೆಲ್ಲ ಹೂಡಿದ. ಚಾರ್ಜರ್ ಬದಲಿಸಿದ, ಬ್ಯಾಟರಿ ಬಿಚ್ಚಿ ಬೇರೆಯದು ಇಟ್ಟು ನೋಡಿದ. ಗಾಜು ಕಪ್ಪಗೇ ಇತ್ತು. ಕಡೆಗೆ ಅದನ್ನು ಎರಡೂ ಕೈಯಲ್ಲಿ ಹೊಳಿಯಮ್ಮನಿಗೆ ಒಪ್ಪಿಸಿ, ಪವರ್ ಬ್ಯಾಂಕನ್ನೂ ಕೇಳದೆ ಹೋದ. ಗ್ಯಾನಪ್ಪ ಲೈನಿನ ಕೆಲಸಕ್ಕೆ ಹೊತ್ತಾಯಿತೆಂದು ಹೊರಟ.

ಸಂಜೆ ಹೊಳಿಯಮ್ಮ ದೀಪ ಹಚ್ಚಿದಳು. ಫೋನನ್ನು ಜೆರ್ಸಿಯ ಮಡಿಕೆಯೊಳಗೆ ಮೊದಲಿನ ಹಾಗೆಯೇ ಇಟ್ಟಿದ್ದಳು. ರೂಢಿಯ ಬೆರಳು ಹೋಗಿ ಗಾಜನ್ನು ಒತ್ತಿತು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದಳು. ಆಮೇಲೆ ಕಾಯಿ ಹಿಡಿದುಕೊಂಡು ಪಡಸಾಲೆಗೆ ಬಂದು, ಟ್ರೇನರಿನ ಎದುರು ನೆಲಕ್ಕೆ ಕುಳಿತಳು.

"ಶ್ವೇತಾ, ಹತ್ತು. ಉಳಿದದ್ದು ನೀ ತುಳಿ. ಎಲ್ಲಿ ಬಂತಂತ ನನಗ ಹೇಳ್ಕೋತ ಹೋಗು."

"ಫೋನ್ ಇಲ್ದ ಇದಕ್ಕ ಏರು ಗೊತ್ತಾಗಂಗಿಲ್ಲ ಅವ್ವ."

"ನಿನಗ ಗೊತ್ತೈತೆಲ್ಲ."

ಶ್ವೇತಾ ಹತ್ತಿದಳು. ತನ್ನ ಫೋನನ್ನು ಜೋಡಿಸಲಿಲ್ಲ, ಕಿಟಕಿಯ ಮೇಲಿಟ್ಟಳು. ಸುಳ್ಳು ಹೇಳುವುದೆಂದು ನಿರ್ಧರಿಸಿದ್ದಳು. ಅವ್ವನ ಸಮಾಧಾನಕ್ಕೆ ಒಂದು ಸುಳ್ಳು, ಅದರಲ್ಲೇನು ತಪ್ಪು. ಫೋನಿಲ್ಲದ ಯಂತ್ರ ಬಯಲಿನ ಹಗುರ ಭಾರದಲ್ಲಿ ತಿರುಗಿತು.

"ಎರಡನೇ ತಿರುವು ದಾಟೀವಿ" ಎಂದಳು. "ಬಿಸಲು ಐತಿ. ಹುಣಸೀಮರ ಕಾಣಾಕ ಹತ್ತೈತಿ."

ಅವ್ವ ತಲೆಯಾಡಿಸಿದಳು. ಅಷ್ಟರಲ್ಲಿ ಫ್ಯಾನು ಸದ್ದು ತಗ್ಗಿಸುತ್ತ ನಿಂತಿತು. ಅಪ್ಪ ಲೈನು ತೆಗೆದಿದ್ದ. ಕರೆಂಟಿಲ್ಲದ ಟ್ರೇನರ್ ಸಡಿಲಾಗಿ ಕಾಲು ಬರಿದೇ ತಿರುಗತೊಡಗಿತು. ಇಳಿಯುವುದೋ ಬೇಡವೋ ಎಂದು ಯೋಚಿಸುತ್ತ ಶ್ವೇತಾ ಸುಳ್ಳಿನ ಮುಂದಿನ ಸಾಲಿಗೆ ಬಾಯಿ ತೆರೆದಳು.

ಆಗ ಪೆಡಲ್ ಭಾರವಾಯಿತು.

ಮೊದಲು ಉದ್ದಕ್ಕೆ ಎಳೆಯಿತು. ಆಮೇಲೆ ಬಿಗಿಯಿತು. ಅವಳು ಬಗ್ಗಿ ಗೋಡೆಯ ಸ್ವಿಚ್ಚಿನ ಕಡೆ ನೋಡಿದಳು, ಕೆಂಪು ದೀಪ ಇರಲಿಲ್ಲ. ಓಣಿಯಲ್ಲಿ ಎಲ್ಲೂ ಬೆಳಕಿರಲಿಲ್ಲ. ನಡುಮನೆಯ ಎಣ್ಣೆದೀಪವೊಂದೇ. ಇಳಿಯಬೇಕೆನ್ನಿಸಿತು, ಆದರೆ ಎದುರಿಗೆ ಅವ್ವ ಕುಳಿತಿದ್ದಳು. ತುಳಿದಳು. ಹುಣಸೆಮರದ ನೆರಳಿನ ಹತ್ತಿರ ದಾರಿ ಸ್ವಲ್ಪ ಒಳಕ್ಕೆ ತಗ್ಗಿ ಏಳುತ್ತದೆ. ಕಾಲ ಕೆಳಗೆ ಅದು ತಗ್ಗಿ ಎದ್ದಿತು.

"ಯಾಕ ಸುಮ್ಮನಾದಿ? ಎಲ್ಲಿ ಬಂತು?"

"ಕಲ್ಲು ಅವ್ವ" ಎಂದಳು ಶ್ವೇತಾ. ಇದು ಸುಳ್ಳಾಗಿರಲಿಲ್ಲ.

ಪೆಡಲ್ ನಿಂತಿತು. ಎಷ್ಟು ಒತ್ತಿದರೂ ಕದಲಲಿಲ್ಲ. ಅವಳು ಎದ್ದು ನಿಂತು, ಇಡೀ ಮೈಭಾರ ಹಾಕಿದಳು. ಒಳಗೆ ಯಾರೋ ಕುಳಿತುಬಿಟ್ಟಿದ್ದಾರೆ, ಏಳಲೊಲ್ಲರು ಎನ್ನಿಸಿತು. ಅವಳಿಗೆ ಅಳು ಬಂತು. "ಅಣ್ಣ, ಏಳು" ಎಂದಳು, ತನಗೇ ಕೇಳಿಸದಷ್ಟು ಸಣ್ಣಗೆ. "ನಿನ್ನ ಬೆನ್ನು ನೋಡ್ಕೋತ ಬರತೀನಿ, ಏಳು."

ಪೆಡಲ್ ಕೂದಲೆಳೆಯಷ್ಟು ಸರಿಯಿತು. ನಿಂತಿತು. ಮತ್ತೆ ಸರಿಯಿತು. ಆಮೇಲೆ ನಿಧಾನವಾಗಿ ಒಂದು ಸುತ್ತು ಬಂತು. ಕಡೆಯ ತಿರುವು ಬಂತು. ಅದಾದ ಮೇಲೆ ಗುಡಿಯ ಮುಂದಿನ ಅಂಗಳದ ಸಪಾಟು. ಆ ಸಪಾಟು ಕಾಲಿಗೆ ತಾಗಿತು. ಶ್ವೇತಾ ಅದನ್ನು ಹೇಳುವುದು ಬೇಕಾಗಲಿಲ್ಲ. ಹೊಳಿಯಮ್ಮ ತಾನಾಗಿ ಎದ್ದು, ಹೊಸ್ತಿಲ ಕಲ್ಲಿಗೆ ಕಾಯಿ ಅಪ್ಪಳಿಸಿದಳು. ಅದು ಒಂದೇ ಏಟಿಗೆ ಸಮನಾಗಿ ಎರಡು ಹೋಳಾಯಿತು.

ಶ್ವೇತಾ ಕಾಲು ನಿಲ್ಲಿಸಿದಳು. ತುಳಿಯುವುದು ಬಿಟ್ಟರೆ ಟ್ರೇನರಿನ ಒಳಗಾಲಿ ತುಸು ಹೊತ್ತು ಗುಂಯ್ಗುಟ್ಟಿ ಸದ್ದಡಗಬೇಕು. ಅದು ಏರುತ್ತ ಹೋಯಿತು. ಯಾರೂ ತುಳಿಯದೆ, ಕರೆಂಟಿಲ್ಲದೆ, ಕತ್ತಲಾಗುತ್ತಿದ್ದ ಪಡಸಾಲೆಯಲ್ಲಿ ಗಾಲಿ ಜೋರಾಗಿ, ಇನ್ನೂ ಜೋರಾಗಿ ತಿರುಗಿತು. ಇಳಿಜಾರಿನಲ್ಲಿ ಬ್ರೇಕು ಬಿಟ್ಟ ಸೈಕಲ್ಲಿಗೆ ಮಾತ್ರ ಆ ಸದ್ದು ಬರುತ್ತದೆ. ದುರಗೇಶ ಎಂದೂ ಫೋನಿಗೆ ತುಂಬಿಕೊಳ್ಳದೆ ಬಿಟ್ಟಿದ್ದ ಇಳಿಜಾರು ಅದು.

"ಏನದು?" ಎಂದಳು ಅವ್ವ.

"ಇಳಿಯಾಕ ಹತ್ಯಾನ ಅವ್ವ."

ಹೊಳಿಯಮ್ಮ ಒಳಗೆ ಹೋಗಿ ಚೊಂಬಿನ ತುಂಬ ನೀರು ತಂದಳು. ಹೊರಗಿನಿಂದ ಬಂದವರ ಕಾಲಿಗೆ ಕೊಡುವ ಹಾಗೆ ಹೊಸ್ತಿಲ ಹತ್ತಿರ ಹಿಡಿದುಕೊಂಡು ನಿಂತಳು. ಗಾಲಿಯ ಸದ್ದು ತಗ್ಗುತ್ತ, ತಗ್ಗುತ್ತ ಬಂದು, ಕಡೆಗೆ ಮನೆಯ ಮುಂದೆ ಸೈಕಲ್ ಇಳಿದು ನಿಲ್ಲಿಸಿದ ಹಾಗೆ ಸಣ್ಣಗೆ ಟಿಕ್ ಟಿಕ್ ಎಂದು ನಿಂತಿತು. ಆಗ ಅವಳು ಚೊಂಬು ಬಗ್ಗಿಸಿ ನೀರನ್ನು ಹೊಸ್ತಿಲ ಹೊರಗೆ ನಿಧಾನವಾಗಿ ಸುರಿದಳು.

ಕರೆಂಟು ಬಂದದ್ದು ಆಮೇಲೆ. ಫ್ಯಾನು ತಿರುಗಿತು, ಟ್ರೇನರಿನ ದೀಪ ಹೊತ್ತಿತು, ಕಿಟಕಿಯ ಮೇಲಿನ ಫೋನು ಬೆಳಗಿತು. ಶ್ವೇತಾ ಅದನ್ನು ಎತ್ತಿಕೊಂಡು ಓದಿದಳು.

"ಏನಂತ ಬರದೈತಿ?"

"ಟ್ರೇನರ್ ಯಾವುದಕ್ಕೂ ಜೋಡಣಿ ಆಗಿಲ್ಲಂತ ಅವ್ವ. ಯಾರೂ ಕೈ ಹಿಡದಿಲ್ಲಂತ."

"ಬಿಟ್ಟಾನ" ಎಂದಳು ಹೊಳಿಯಮ್ಮ.

ತುಸು ಹೊತ್ತು ಖಾಲಿ ಚೊಂಬು ಹಿಡಿದುಕೊಂಡೇ ನಿಂತಿದ್ದಳು. ಆಮೇಲೆ ನಡುಮನೆಗೆ ಹೋಗಿ, ಜಗುಲಿಯ ಮೇಲಿನಿಂದ ಹೆಲ್ಮೆಟ್ಟು, ಫೋನು, ಹಳದಿ ಜೆರ್ಸಿ ಒಂದೊಂದನ್ನೇ ತೆಗೆದು ಎಡೆ ಇಳಿಸಿದಳು. ಜೆರ್ಸಿಯನ್ನು ಜಾಡಿಸಿ ಮಡಚಿ, ಶ್ವೇತಾ ಕಟ್ಟಿಕೊಳ್ಳಬೇಕಿದ್ದ ಬಟ್ಟೆಗಳ ಮೇಲಿಟ್ಟಳು.